ಹುಷಾರು, ಆರಾಮ, ತಿಂಡಿ: ಬೈಲಹೊಂಗಲ ಸೀಮೆಯ ಆಡುಮಾತಿನಲ್ಲಿ ಅರ್ಥಪಲ್ಲಟದ ಚರಿತ್ರೆ

ಇಂಗ್ಲಿಷ್ ಆಡುವ ದೇಶಗಳ ನಡುವೆ ಬೀದಿಮಾತಿನ ಅರ್ಥ ಬದಲಾಗುವುದು ಭಾಷಾವಿಜ್ಞಾನದ ತರಗತಿಗಳಲ್ಲಿ ಹಳೆಯ ಉದಾಹರಣೆ. ‘ಪಿಸ್ಡ್’ ಎಂದರೆ ಲಂಡನ್ನಿನಲ್ಲಿ ಕುಡಿದು ಮತ್ತನಾದವನು, ನ್ಯೂಯಾರ್ಕಿನಲ್ಲಿ ಸಿಟ್ಟಿಗೆದ್ದವನು. ‘ಪ್ಯಾಂಟ್ಸ್’ ಅಮೆರಿಕದಲ್ಲಿ ಹೊರಗೆ ತೊಡುವ ಉಡುಪು, ಬ್ರಿಟನ್ನಿನಲ್ಲಿ ಒಳಉಡುಪು. ಇವು ನಗೆಗೆ ಒದಗುವ ನಿದರ್ಶನಗಳು. ಚರಿತ್ರೆಯ ದೃಷ್ಟಿಯಿಂದ ಇವುಗಳಿಗಿಂತ ಬೆಲೆಯುಳ್ಳದ್ದು ‘ಟೇಬಲ್’ ಎಂಬ ಕ್ರಿಯಾಪದ. ಬ್ರಿಟಿಷ್ ಸಂಸತ್ತಿನ ರೂಢಿಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಚರ್ಚೆಗೆ ತರುವುದು. ಅಮೆರಿಕದ ಶಾಸನಸಭೆಗಳ ರೂಢಿಯಲ್ಲಿ ಅದನ್ನು ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಅಧಿಕಾರಿಗಳು ಇದೊಂದು ಪದದ ದೆಸೆಯಿಂದ ದೀರ್ಘವಾಗಿ ವಾದಿಸಿದ್ದನ್ನು ಚರ್ಚಿಲ್ ತಮ್ಮ ಯುದ್ಧಸ್ಮೃತಿಗಳಲ್ಲಿ ದಾಖಲಿಸಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ; ಪದ ಮಾತ್ರ ಎರಡು ಸಭೆಗಳಲ್ಲಿ ಬೆಳೆದಿತ್ತು. ಇಲ್ಲಿ ಅರ್ಥವನ್ನು ಬೇರ್ಪಡಿಸಿದ್ದು ಕಡಲಲ್ಲ, ಸಂಸ್ಥೆ.

ಕನ್ನಡದ ಪ್ರದೇಶಗಳ ನಡುವೆ ಕಡಲಿಲ್ಲ. ಆದರೆ ಸುಮಾರು ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಕನ್ನಡಿಗರು ಬೇರೆಬೇರೆ ಸರಕಾರಗಳ ಪ್ರಜೆಗಳಾಗಿದ್ದರು: ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳು, ನಿಜಾಮನ ಹೈದರಾಬಾದು, ಮೈಸೂರು ಸಂಸ್ಥಾನ, ಕೊಡಗು, ಇವುಗಳ ನಡುವೆ ಹರಡಿದ ಸಣ್ಣಪುಟ್ಟ ಸಂಸ್ಥಾನಗಳು. ಒಂದು ಸೀಮೆಯ ಆಡುಮಾತನ್ನು ಹಿಡಿದು, ಈ ವಿಭಜನೆ ಪದಗಳ ಅರ್ಥದಲ್ಲಿ ಏನನ್ನು ಉಳಿಸಿದೆ ಎಂದು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ. ಆ ಸೀಮೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳದು. ಎದುರಿಗಿಟ್ಟು ನೋಡುವುದು ಮೈಸೂರು–ಬೆಂಗಳೂರು ಕಡೆಯ ಕನ್ನಡವನ್ನು.

ಎರಡು ಬಗೆಯ ಭೇದಗಳನ್ನು ಮೊದಲೇ ಬೇರೆ ಮಾಡಬೇಕು. ದಕ್ಷಿಣದ ರಜೆಗೆ ಇಲ್ಲಿ ಸೂಟಿ, ಆಸ್ಪತ್ರೆಗೆ ದವಾಖಾನಿ, ತರಕಾರಿಗೆ ಕಾಯಿಪಲ್ಲೆ, ಪಹಣಿಗೆ ಉತಾರ. ಇವು ಪದಭೇದಗಳು. ಕೇಳಿದವನಿಗೆ ತಿಳಿಯದಿದ್ದರೆ ತಿಳಿಯಲಿಲ್ಲವೆಂಬುದಾದರೂ ಅವನಿಗೆ ತಿಳಿಯುತ್ತದೆ, ಕೇಳಿ ಕಲಿಯುತ್ತಾನೆ. ಅರ್ಥಭೇದದ ಸ್ವಭಾವ ಬೇರೆ. ಪದ ಪರಿಚಿತವಾದ್ದರಿಂದ ಕೇಳಿದವನು ತನಗೆ ತಿಳಿಯಿತೆಂದೇ ನಂಬುತ್ತಾನೆ. ನಮ್ಮ ಉಪಭಾಷಾ ಅಧ್ಯಯನಗಳು ಮೊದಲನೆಯದನ್ನು ಪಟ್ಟಿಮಾಡುವುದರಲ್ಲಿ ತೃಪ್ತವಾಗಿವೆ. ಗ್ರಿಯರ್ಸನ್ ಅವರ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟದಿಂದ (1906) ಹಿಡಿದು, ಉಪಾಧ್ಯಾಯರ ನಂಜನಗೂಡು ಕನ್ನಡ, ಆಚಾರ್ಯರ ಹಾಲಕ್ಕಿ ಕನ್ನಡ ಮೊದಲಾದ 1960ರ ದಶಕದ ಪ್ರಬಂಧಗಳವರೆಗೆ ಗಮನ ನೆಟ್ಟಿದ್ದು ಮುಖ್ಯವಾಗಿ ಧ್ವನಿ ಮತ್ತು ಪ್ರತ್ಯಯಗಳ ಮೇಲೆ. ‘ಮನೆ’ ಎಂಬುದು ‘ಮನಿ’ ಆದದ್ದನ್ನು ನಾವು ಬಲ್ಲೆವು. ‘ಹುಷಾರು’ ಎಂಬುದು ಏನಾಯಿತೆಂದು ವಿಚಾರಿಸಿದ್ದು ಕಡಿಮೆ.

ಆ ಪದದಿಂದಲೇ ತೊಡಗಬಹುದು. ‘ನಿಮ್ಮ ಹುಡುಗ ಹುಷಾರಿಲ್ಲ’ ಎಂಬ ವಾಕ್ಯವನ್ನು ಮೈಸೂರು ಕಡೆಯ ಶಿಕ್ಷಕರೊಬ್ಬರು ಬೈಲಹೊಂಗಲದ ಹಳ್ಳಿಯೊಂದರಲ್ಲಿ ತಂದೆಯೊಬ್ಬನಿಗೆ ಹೇಳಿದರೆಂದು ಇಟ್ಟುಕೊಳ್ಳೋಣ. ಶಿಕ್ಷಕರು ಹೇಳಿದ್ದು ಹುಡುಗನಿಗೆ ಮೈ ಸರಿಯಿಲ್ಲವೆಂದು. ತಂದೆ ಕೇಳಿಸಿಕೊಂಡದ್ದು ಹುಡುಗ ಜಾಣನಲ್ಲವೆಂದು. ಈ ಸೀಮೆಯಲ್ಲಿ ‘ಭಾಳ ಹುಷಾರ ಅದಾನ್ರಿ’ ಎಂದರೆ ಓದಿನಲ್ಲಿ ಚುರುಕು, ಬುದ್ಧಿವಂತ. ಮೈ ಸರಿಯಿಲ್ಲವೆನ್ನಲು ಇಲ್ಲಿ ಹೇಳುವುದು ‘ಆರಾಮಿಲ್ರಿ’ ಎಂದು. ಮೈಸೂರಿನವರಿಗೆ ಆರಾಮವೆಂದರೆ ನೆಮ್ಮದಿ, ಬಿಡುವು. ‘ಆರಾಮಾಗಿ ಕೂತಿದ್ದಾನೆ’ ಎಂಬುದರಲ್ಲಿ ತುಸು ಸೋಮಾರಿತನದ ಸುಳಿವೂ ಇದೆ.

ಈ ಜೋಡಿಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ದೃಢಾರ್ಥದಲ್ಲಿ ಎರಡೂ ಸೀಮೆಗಳ ಬಳಕೆ ಬಹಳ ದೂರವಿಲ್ಲ. ‘ಆರಾಮಾಗಿದೀನಿ’ ಎಂದು ಬೆಂಗಳೂರಿನವನೂ ಕ್ಷೇಮ ಹೇಳಿಕೊಳ್ಳುತ್ತಾನೆ. ‘ಹುಷಾರಾಗಿ ಹೋಗು’ ಎಂದು ಎರಡೂ ಕಡೆ ಎಚ್ಚರಿಸುತ್ತಾರೆ. ಬಿರುಕು ಕಾಣುವುದು ನಿಷೇಧದಲ್ಲಿ. ಕಾಯಿಲೆಯನ್ನು ಕಾಯಿಲೆಯೆನ್ನದೆ, ಒಳ್ಳೆಯ ಸ್ಥಿತಿಯೊಂದರ ಅಭಾವವಾಗಿ ಹೇಳುವ ಸೌಜನ್ಯ ಎರಡೂ ಕನ್ನಡಗಳಲ್ಲಿದೆ. ಆ ಒಳ್ಳೆಯ ಸ್ಥಿತಿಗೆ ಒಂದು ಸೀಮೆ ಆರಾಮವನ್ನು ಆರಿಸಿಕೊಂಡಿತು, ಇನ್ನೊಂದು ಹುಷಾರನ್ನು. ಆಯ್ಕೆಯಾದ ಮೇಲೆ ಉಳಿದ ಪದ ಬೇರೆ ಕೆಲಸಕ್ಕೆ ಹೋಯಿತು. ಅರ್ಥಭೇದವನ್ನು ಹುಡುಕುವ ಸಂಶೋಧಕರು ಪದವನ್ನು ಒಂಟಿಯಾಗಿ ಕೇಳದೆ ಅದರ ನಿಷೇಧರೂಪವನ್ನೂ ಕೇಳಬೇಕೆಂಬುದು ಇದರಿಂದ ಸಿಗುವ ಕ್ರಮಸಂಬಂಧಿ ಪಾಠ.

ಇವೆರಡೂ ಪಾರಸಿಯಿಂದ ಬಂದ ಪದಗಳು. ಹುಷಾರಿನ ಮೂಲಾರ್ಥ ಎಚ್ಚರವುಳ್ಳ, ವಿವೇಕವುಳ್ಳ ಎಂಬುದು. ಆರಾಮದ್ದು ವಿಶ್ರಾಂತಿ, ಶಮನ. ಮರಾಠಿಯ ‘ಹುಶಾರ್’ ಎಂದರೆ ಜಾಣ. ಅದೇ ಭಾಷೆಯಲ್ಲಿ ಬೇನೆ ಇಳಿದರೆ ‘ಆರಾಮ’ ಬಿದ್ದಿತೆನ್ನುತ್ತಾರೆ. ಬೈಲಹೊಂಗಲದ ಅರ್ಥಗಳು ಮರಾಠಿಯ ಅರ್ಥಗಳೊಡನೆ ಕೂಡುತ್ತವೆಂಬುದು ಸ್ಪಷ್ಟ. ಇಷ್ಟರಿಂದಲೇ ‘ಮರಾಠಿಯಿಂದ ಕೆಟ್ಟ ಕನ್ನಡ’ ಎಂಬ ಹಳೆಯ ತೀರ್ಪಿಗೆ ಹೋಗುವವರಿದ್ದಾರೆ. ಆದರೆ ಮೂಲವನ್ನು ಎದುರಿಗಿಟ್ಟರೆ ಚಿತ್ರ ತಿರುಗುತ್ತದೆ. ಎಚ್ಚರದಿಂದ ಜಾಣತನಕ್ಕೆ ಒಂದೇ ಹೆಜ್ಜೆ. ಹಿಂದಿಯಲ್ಲಿಯೂ ಅದೇ ಅರ್ಥವಿದೆ. ಆರೋಗ್ಯಕ್ಕೆ ಬರಲು ಪದ ಹೆಚ್ಚು ದೂರ ನಡೆಯಬೇಕು: ಎಚ್ಚರ, ಚುರುಕು, ಲವಲವಿಕೆ, ಆಮೇಲೆ ಮೈ ಚೆನ್ನಾಗಿರುವುದು. ಈ ದಾರಿಯ ನಡುವಣ ಮೆಟ್ಟಿಲುಗಳು ನೆರೆಯ ಭಾಷೆಗಳಲ್ಲಿ ಇನ್ನೂ ಕಾಣುತ್ತವೆ. ತಮಿಳಿನ ‘ಉಷಾರ್’ ಎಚ್ಚರದಲ್ಲಿ ನಿಂತಿದೆ. ತೆಲುಗಿನ ‘ಹುಷಾರು’ ಲವಲವಿಕೆಯವರೆಗೆ ಬಂದಿದೆ. ಕೊನೆಯ ಮೆಟ್ಟಿಲೇರಿದ್ದು ಮೈಸೂರು ಕನ್ನಡ. ಹೊಸ ಅರ್ಥ ಕಟ್ಟಿದ್ದು ದಕ್ಷಿಣ, ಹಳೆಯದನ್ನು ಉಳಿಸಿಕೊಂಡದ್ದು ಉತ್ತರ. ಇದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ. ಆದರೆ ಶಿಷ್ಟವೆಂದು ಹೆಸರಾದದ್ದೇ ಮೂಲಕ್ಕೆ ಹತ್ತಿರವಿರುತ್ತದೆಂಬ ಊಹೆಗೆ ಆಧಾರವಿಲ್ಲ.

ಮರಾಠಿಯ ಸಂಪರ್ಕವೂ ಉತ್ತರದ ಏಕಸ್ವಾಮ್ಯವಲ್ಲ. ಬಿಜಾಪುರದ ಆದಿಲಶಾಹಿ ಸೇನೆ 1638ರಲ್ಲಿ ಬೆಂಗಳೂರನ್ನು ಗೆದ್ದ ಮೇಲೆ ಅದು ಶಹಾಜಿಯ ಜಹಗೀರಾಯಿತು. ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಪಾರಸಿ ಕಂದಾಯದ ಭಾಷೆಯಾಗಿ ಮೇಲೆ ಬಂತು. ಪೂರ್ಣಯ್ಯನವರ ಕಾಲದಲ್ಲಿಯೂ ಅನಂತರವೂ ಮೈಸೂರಿನ ಲೆಕ್ಕಪತ್ರಗಳಲ್ಲಿ ಮರಾಠಿಗೆ ಸ್ಥಾನವಿತ್ತು. ಅಂದರೆ ಪಾರಸಿ ಪದಗಳೂ ಮರಾಠಿ ಬರವಣಿಗೆಯೂ ಎರಡೂ ಕಡೆ ಇದ್ದವು. ವ್ಯತ್ಯಾಸವಿದ್ದದ್ದು ಎಷ್ಟು ಕಾಲ, ಯಾವ ಬಾಗಿಲಿನಿಂದ ಎಂಬುದರಲ್ಲಿ.

ಬೈಲಹೊಂಗಲ ಸೀಮೆಯ ಬಾಗಿಲು ದೀರ್ಘಕಾಲ ತೆರೆದಿತ್ತು. ಆದಿಲಶಾಹಿಯ ಅನಂತರ ಪೇಶ್ವೆಯರ ಪ್ರಾಬಲ್ಯ. 1818ರಲ್ಲಿ ಪೇಶ್ವೆ ಆಡಳಿತ ಕೊನೆಗೊಂಡಾಗ ಕಂಪನಿ ಸರಕಾರ. ಕಿತ್ತೂರಿನ ದೇಸಗತಿ ಇನ್ನೂ ಕೆಲವು ವರ್ಷ ಉಳಿದಿತ್ತು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಹತನಾದ. ಎರಡನೆಯ ಮುತ್ತಿಗೆಯಲ್ಲಿ ಕೋಟೆ ಬಿದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾದಾಗ ಬೈಲಹೊಂಗಲ ಮುಂಬಯಿ ಪ್ರಾಂತ್ಯದ ಒಂದು ತಾಲ್ಲೂಕು ಕೇಂದ್ರದ ಊರು. ತಾಲ್ಲೂಕಿನ ಹೆಸರು ಮಾತ್ರ ಸಂಪಗಾಂವ. ಸವದತ್ತಿ ಪರಸಗಡ ತಾಲ್ಲೂಕಿನ ಕೇಂದ್ರ. ಕಚೇರಿ ಮತ್ತು ಶಾಲೆಗಳಲ್ಲಿ ಮೊದಲ ದಶಕಗಳ ಭಾಷೆ ಮರಾಠಿ. ರಸೆಲ್ ಮತ್ತು ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಕನ್ನಡ ಶಾಲೆಗಳು ನೆಲೆಯೂರುವ ಹೊತ್ತಿಗೆ ಈ ಪ್ರದೇಶ ಎರಡು ಮೂರು ತಲೆಮಾರು ಮರಾಠಿಯಲ್ಲಿ ಅರ್ಜಿ ಬರೆಸಿತ್ತು.

ಇಲ್ಲಿ ರಾಮದುರ್ಗ ಒಂದು ಉಪಯುಕ್ತ ಪರೀಕ್ಷೆಯನ್ನು ಒದಗಿಸುತ್ತದೆ. ಅದು ಭಾವೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೆ ಬೈಲಹೊಂಗಲದವನ ಸರಕಾರ ಬೇರೆ, ರಾಮದುರ್ಗದವನ ಸರಕಾರ ಬೇರೆ. ಆದರೂ ಹುಷಾರ, ಆರಾಮ ಮೊದಲಾದ ಪದಗಳ ಅರ್ಥದಲ್ಲಿ ಎರಡೂ ಊರುಗಳು ಒಂದಾಗಿವೆ. ಗಡಿ ಇತ್ತು, ದೊರೆ ಬೇರೆಯಿದ್ದ, ಅರ್ಥ ಮಾತ್ರ ಒಡೆಯಲಿಲ್ಲ. ಎರಡರ ನಡುವೆ ಸಮಾನವಾಗಿದ್ದದ್ದು ಕಚೇರಿಯ ಮರಾಠಿ, ಹತ್ತಿಯ ಪೇಟೆ, ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಎರಡೂ ಭಾಷೆಗಳವರು ಬಂದು ಬೆರೆಯುವ ದಾರಿಗಳು. ರಾಜಕೀಯ ಗಡಿ ತಾನಾಗಿ ಅರ್ಥವನ್ನು ಬೇರ್ಪಡಿಸುವುದಿಲ್ಲ. ಬರವಣಿಗೆಯ ಭಾಷೆಯೂ ವ್ಯವಹಾರದ ದಾರಿಯೂ ಬೇರೆಯಾದಾಗ ಬೇರ್ಪಡಿಸುತ್ತದೆ ಎಂದು ನನ್ನ ಅಭಿಪ್ರಾಯ.

ಗುಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಸಾಂಗ್ಲಿ ಜಿಲ್ಲೆಯ ಕುಪವಾಡದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದರ ಮೇಲೊಂದು ಕೂಡಿಹೋಗಿ, ಪದಗಳು ಮಾತ್ರ ಬೇರೆಯಾಗಿ ಉಳಿದಿದ್ದವು. ಬೈಲಹೊಂಗಲದಲ್ಲಿ ಕಾಣುವುದು ಅದಕ್ಕಿಂತ ಸೌಮ್ಯವಾದ, ಬಹುಶಃ ಹೆಚ್ಚು ವ್ಯಾಪಕವಾದ ಸ್ಥಿತಿ. ವ್ಯಾಕರಣ ಕನ್ನಡದ್ದಾಗಿಯೇ ಉಳಿದು, ಪದಗಳ ಅರ್ಥದ ವಿಸ್ತಾರ ನೆರೆಭಾಷೆಯೊಡನೆ ಸಮವಾಗಿದೆ. ‘ಭಾರಿ’ ಇನ್ನೊಂದು ಉದಾಹರಣೆ. ಮೈಸೂರಿನಲ್ಲಿ ಅದು ಗಾತ್ರದ ಮಾತು: ಭಾರಿ ಮಳೆ, ಭಾರಿ ನಷ್ಟ. ಬೈಲಹೊಂಗಲದ ಹುಡುಗರು ‘ಭಾರಿ ಐತಿ’ ಎಂದರೆ ಅದು ಮೆಚ್ಚುಗೆ. ಮರಾಠಿಯ ಹುಡುಗರೂ ಹಾಗೆಯೇ ಮೆಚ್ಚುತ್ತಾರೆ. ಬೆಂಗಳೂರಿನ ಹುಡುಗರು ಅದೇ ಮೆಚ್ಚುಗೆಗೆ ಬಳಸುವುದು ‘ಸಖತ್’. ಪಾರಸಿಯ ‘ಸಖ್ತ್’ ಎಂದರೆ ಗಟ್ಟಿ, ಕಠಿಣ. ಮರಾಠಿಯ ನ್ಯಾಯಾಲಯಗಳಲ್ಲಿ ‘ಸಕ್ತಮಜುರಿ’ ಕಠಿಣ ಸಜೆ, ‘ಸಕ್ತೀ’ ಬಲವಂತ. ಬೆಳಗಾವಿ ಕಡೆಯ ಹಳಬರ ಕಿವಿಯಲ್ಲಿ ಈ ಪದ ಇನ್ನೂ ಪೊಲೀಸು ಮತ್ತು ಕೋರ್ಟಿನ ಸದ್ದನ್ನೇ ಕೊಡುತ್ತದೆ. ಸೆರೆಮನೆಯ ವಿಶೇಷಣವೊಂದು ಬೆಂಗಳೂರಿನಲ್ಲಿ ದೋಸೆಯ ಹೊಗಳಿಕೆಯಾಗಿದೆ! ಭಯ ಮತ್ತು ಭಾರದ ಪದಗಳು ಮೆಚ್ಚುಗೆಗೆ ತಿರುಗುವುದು ಎಲ್ಲ ಭಾಷೆಗಳ ತರುಣರ ರೂಢಿ. ಯಾವ ಪದ ತಿರುಗುತ್ತದೆಂಬುದು ಆಯಾ ಊರಿನ ಚರಿತ್ರೆ.

ಇಷ್ಟು ಎರವಲು ಪದಗಳ ಕಥೆ. ಅಚ್ಚಗನ್ನಡ ಪದಗಳಲ್ಲಿ ಭೇದ ಕಂಡರೆ ಮರಾಠಿಯನ್ನು ಹೊಣೆ ಮಾಡಲಾಗದು. ಅಲ್ಲಿ ವಿವರಣೆ ಬೇರೆಯಾಗಬೇಕು. ‘ತಿಂಡಿ’ ಈ ವರ್ಗದ ಅತ್ಯಂತ ಪ್ರಸಿದ್ಧ ಪದ. ಮೈಸೂರಿನಲ್ಲಿ ಅದು ಬೆಳಗಿನ ಉಪಾಹಾರ. ಬೈಲಹೊಂಗಲದಲ್ಲಿ ಉಪಾಹಾರಕ್ಕೆ ನಾಷ್ಟಾ ಎನ್ನುತ್ತಾರೆ; ತಿಂಡಿ ಎಂದರೆ ನವೆ, ಅದರಿಂದ ಮುಂದೆ ಸುಮ್ಮನಿರಲಾರದ ಕೆಣಕುಬುದ್ಧಿ. ‘ಯಾಕಲೇ, ತಿಂಡಿ ಹೆಚ್ಚಾಗೇತೇನು?’ ಎಂಬುದು ಹೊಡೆದಾಟದ ಮುನ್ನುಡಿ. ದಕ್ಷಿಣದ ಅತಿಥಿ ‘ತಿಂಡಿ ಆಯ್ತಾ?’ ಎಂದು ಕೇಳಿ ಸಭೆಯನ್ನು ನಗಿಸಿದ ಕಥೆ ಎಷ್ಟೋ ಕಡೆ ಎಷ್ಟೋ ಹೆಸರುಗಳಲ್ಲಿ ಓಡಾಡುತ್ತದೆ. ಕಥೆ ಹೇಳುವವರು ಸಾಮಾನ್ಯವಾಗಿ ಉತ್ತರದ ಅರ್ಥವನ್ನು ಒರಟು ಗ್ರಾಮ್ಯವೆಂದು ಎಣಿಸಿಯೇ ಹೇಳುತ್ತಾರೆ.

ಆದರೆ ಈ ಅರ್ಥಕ್ಕೆ ಬಹಳ ಹಳೆಯ ಬೇರಿದೆ. ತಿನ್ನುವುದೆಂಬ ಕ್ರಿಯೆಯಿಂದಲೇ ನವೆಯನ್ನು ಹೇಳುವುದು ಈ ಸೀಮೆಯಲ್ಲಿ ಜೀವಂತ ಪ್ರಯೋಗ: ‘ಮೈ ತಿನ್ನಾಕ ಹತ್ತೇತಿ’. ತಮಿಳಿನಲ್ಲಿ ತಿನ್ ಧಾತುವಿನಿಂದಲೇ ಹುಟ್ಟಿದ ‘ತಿನವು’ ಎಂದರೆ ನವೆ. ಕಾಳಗಕ್ಕೆ ಹಾತೊರೆಯುವ ವೀರನ ತೋಳಿಗೆ ತಿನವು ಎದ್ದಿತೆಂದು ಹೇಳುವುದು ಅಲ್ಲಿ ಸಂಭಾವಿತ ಪ್ರಯೋಗವೇ ಆಗಿದೆ. ಕಾವೇರಿಯ ಕೆಳಹರಿವಿನಲ್ಲೂ ಮಲಪ್ರಭೆಯ ದಡದಲ್ಲೂ ಒಂದೇ ರೂಪಕ ಸಿಗುವುದಾದರೆ ಅದು ಗಡಿನಾಡಿನ ಕೆಡುಕಾಗಲಾರದು. ಸೋದರಭಾಷೆಗಳು ಹಂಚಿಕೊಂಡ ಹಳೆಯ ಆಸ್ತಿ. ಮೈಸೂರಿನಲ್ಲಿ ಈ ಭಾರವನ್ನು ‘ತೀಟೆ’ ಹೊತ್ತುಕೊಂಡಿತು, ತಿಂಡಿಗೆ ಊಟದ ಪಕ್ಕದ ಜಾಗ ಮಾತ್ರ ಉಳಿಯಿತು. ವ್ಯಾಕರಣಕಾರರ ಮಾತಿನಲ್ಲಿ ಇದು ಅರ್ಥಸಂಕೋಚ.

‘ಒಗೆ’ ಎಂಬ ಧಾತುವಿನದೂ ಇದೇ ದಾರಿ. ಮೈಸೂರಿನಲ್ಲಿ ಬಟ್ಟೆಯನ್ನು ಮಾತ್ರ ಒಗೆಯುತ್ತಾರೆ; ಕಲ್ಲನ್ನು ಎಸೆಯುತ್ತಾರೆ ಅಥವಾ ಬಿಸಾಡುತ್ತಾರೆ. ಬೈಲಹೊಂಗಲದಲ್ಲಿ ಅರಿವೆಯನ್ನೂ ಒಗೆಯುತ್ತಾರೆ, ಕಲ್ಲನ್ನೂ ಒಗೆಯುತ್ತಾರೆ. ಮರಾಠಿಯಲ್ಲಿ ಈ ಎರಡು ಕೆಲಸಗಳಿಗೆ ಬೇರೆಬೇರೆ ಕ್ರಿಯಾಪದಗಳಿವೆ. ಹಾಗಾಗಿ ಪ್ರಭಾವದ ಪ್ರಶ್ನೆ ಏಳುವುದಿಲ್ಲ. ಅರಿವೆಯನ್ನು ಬೀಸಿ ಕಲ್ಲಿಗೆ ಹೊಡೆಯುವ ಕ್ರಿಯೆಯನ್ನು ಕಣ್ಣ ಮುಂದೆ ತಂದುಕೊಂಡರೆ ಎರಡೂ ಅರ್ಥಗಳ ಸಂಬಂಧ ತಾನೇ ತೋರುತ್ತದೆ. ‘ಆ ಅಂಗಿ ಒಗಿ’ ಎಂಬ ವಾಕ್ಯ ಮಾತ್ರ ಇಲ್ಲಿಯವರಿಗೂ ದ್ವಂದ್ವಾರ್ಥದ್ದು. ಎಸೆಯಬೇಕೆನ್ನುವಾಗ ‘ಒಗದಬಿಡು’ ಎಂದು ಸಹಾಯಕ ಕ್ರಿಯಾಪದವನ್ನು ಕೂಡಿಸಿ ಬಗೆಹರಿಸಿಕೊಳ್ಳುತ್ತಾರೆ. ‘ಕಲ್ಲು ಒಗದಾನ್ರಿ’ ಎಂಬ ಸಾಕ್ಷಿಯ ಮಾತು ಅಕ್ಷರಶಃ ಬರಹಕ್ಕಿಳಿದು ದಕ್ಷಿಣದ ಓದುಗನ ಮುಂದೆ ಬಂದರೆ ಏನಾದೀತು? ಹಲ್ಲೆಯ ಹೇಳಿಕೆ ಕಲ್ಲು ತೊಳೆದ ಹೇಳಿಕೆಯಾಗುತ್ತದೆ. ಆಡುಮಾತಿನ ಅರ್ಥಕೋಶ ಕೇವಲ ಕುತ್ತೂಹಲದ ವಿಷಯವಲ್ಲವೆನ್ನುವುದಕ್ಕೆ ಇಷ್ಟು ಸಾಕು. ವೈದ್ಯರ ಕೋಣೆಯಲ್ಲೂ, ಪೊಲೀಸು ಠಾಣೆಯಲ್ಲೂ ಇದರ ಮೇಲೆ ನಿಂತ ನಿರ್ಧಾರಗಳಿವೆ.

ಸಂಬೋಧನೆಯ ‘ರೀ’ ಕುರಿತು ಒಂದು ಮಾತು. ಬಹುವಚನದ ವಿಧ್ಯರ್ಥ ಪ್ರತ್ಯಯಕ್ಕೆ ಸಂಬಂಧಿಸಿದ ಈ ರೂಪ ಬೈಲಹೊಂಗಲದಲ್ಲಿ ಮರ್ಯಾದೆಯ ಸಾಮಾನ್ಯ ಗುರುತು: ಹೌದ್ರಿ, ಇಲ್ರಿ, ಬರ್ರಿ. ಮಗು ಶಿಕ್ಷಕರಿಗೆ, ಕಂಡಕ್ಟರು ಪ್ರಯಾಣಿಕರಿಗೆ, ಸೊಸೆ ಮಾವನಿಗೆ ಇದನ್ನೇ ಹೇಳುತ್ತಾರೆ, ಬಿಟ್ಟರೆ ಒರಟಾಗುತ್ತದೆ. ದಕ್ಷಿಣದಲ್ಲಿ ಒಂಟಿಯಾಗಿ ನಿಂತ ‘ರೀ’ ಹೆಂಡತಿ ಗಂಡನನ್ನು ಕರೆಯುವ ಮಾತು. ಅಪರಿಚಿತರ ನಡುವೆ ‘ಏನ್ರೀ’ ಎಂದರೆ ಜಗಳದ ದನಿ. ಅತಿ ಸೌಜನ್ಯವೆಂದು ಆಡಿದ್ದು ಇನ್ನೊಂದು ಊರಿನಲ್ಲಿ ಬಿರುಸಾಗಿ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ‘ಗೌಡ’ ಎಂಬ ಪದವೂ ಹೀಗೆಯೇ: ಇಲ್ಲಿ ಊರಿನ ಹುದ್ದೆ, ಮೈಸೂರಿನಲ್ಲಿ ಜಾತಿಸೂಚಕ ಹೆಸರು. ಅದರ ಚರ್ಚೆ ಬೇರೆಯೇ ಲೇಖನವನ್ನು ಬೇಡುತ್ತದೆ.

ಯಾವ ಅರ್ಥ ಶಿಷ್ಟ, ಯಾವುದು ಪ್ರಾಂತೀಯ ಎಂಬುದನ್ನು ಯಾರು, ಯಾವಾಗ ನಿರ್ಧರಿಸಿದರು? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಪ್ರದೇಶವನ್ನು ನಾಲ್ಕು ಊರುಗಳ ನಡುವೆ ಗುರುತಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮೊದಲ ಮೂರು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ನಾಲ್ಕನೆಯದನ್ನು ವಿದ್ವಾಂಸರು ಬೈಲಹೊಂಗಲ ತಾಲ್ಲೂಕಿನ ವಕ್ಕುಂದವೆಂದು ಗುರುತಿಸಿದ್ದಾರೆ. ಸಾವಿರದ ನೂರು ವರ್ಷಗಳ ಹಿಂದೆ ಮಾದರಿಯ ಒಂದು ಮೂಲೆಗಲ್ಲಾಗಿದ್ದ ನೆಲ ಇಂದು ‘ಉತ್ತರ ಕರ್ನಾಟಕದ ಗ್ರಾಮ್ಯ’ ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ; ಆ ಕಾಲದ ತಿರುಳಿಗೂ ಇಂದಿನ ಆಡುಮಾತಿಗೂ ನೇರ ಗೆರೆ ಎಳೆಯಲಾಗದು. ಶಿಷ್ಟತೆ ನೆಲದ ಗುಣವಲ್ಲ, ರಾಜಧಾನಿಯ ಗುಣವೆಂಬುದಷ್ಟೇ ಇದರಿಂದ ಸಿದ್ಧವಾಗುವುದು.

ಕಿಟೆಲ್ ಅವರ 1894ರ ಕೋಶ ಈ ವಿಷಯದಲ್ಲಿ ಇಂದಿಗೂ ಮಾದರಿ. ಮೈಸೂರಿನ ಪ್ರಯೋಗಕ್ಕೂ ಅವರು ಸೀಮೆಯ ಸಂಕೇತ ಹಾಕಿದರು, ಅಂದು ದಕ್ಷಿಣ ಮರಾಠಾ ಸೀಮೆಯೆನಿಸಿದ್ದ ಧಾರವಾಡ–ಬೆಳಗಾವಿಯ ಪ್ರಯೋಗಕ್ಕೂ ಹಾಕಿದರು. ಇಬ್ಬರೂ ಅವರ ಕಣ್ಣಿನಲ್ಲಿ ಪ್ರಾಂತೀಯರು. 1956ರ ನವೆಂಬರ್ 1ರ ಏಕೀಕರಣದ ಅನಂತರ ಪಠ್ಯಪುಸ್ತಕ, ಆಕಾಶವಾಣಿ, ಸಿನಿಮಾ, ಸಚಿವಾಲಯಗಳ ಕನ್ನಡ ಬಹುಮಟ್ಟಿಗೆ ಒಂದೇ ದಿಕ್ಕಿನಿಂದ ಬಂದಾಗ ಮೈಸೂರಿನ ಅರ್ಥ ಸಂಕೇತವಿಲ್ಲದೆ ನಿಲ್ಲುವ ರೂಢಿ ಬೆಳೆಯಿತು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಗ್ರಂಥಗಳನ್ನು ಆಧರಿಸಿದ ಮಹಾಕಾರ್ಯ. ಆಡುಮಾತಿನ ಅರ್ಥಚರಿತ್ರೆ ಅದರ ಉದ್ದೇಶವೂ ಆಗಿರಲಿಲ್ಲ. ಹುಷಾರು ಪದಕ್ಕೆ ನ್ಯಾಯವಾದ ನಮೂದು ಬರೆಯುವುದಾದರೆ ಜಾಣತನದ ಅರ್ಥ ಮೊದಲು, ಮುಂಬಯಿ ಕರ್ನಾಟಕದ ಸಂಕೇತದೊಡನೆ. ಆರೋಗ್ಯದ ಅರ್ಥ ಆಮೇಲೆ, ಮೈಸೂರಿನ ಸಂಕೇತದೊಡನೆ. ಎರಡಕ್ಕೂ ಸಂಕೇತ ಬೇಕು.

ಏಕೀಕರಣದ ಓಟ ಏಕಮುಖವಾಗಿತ್ತೆಂದೂ ಅಲ್ಲ. ‘ಕಾಳಜಿ’ ಮರಾಠಿಯಿಂದ ಈ ಸೀಮೆಗೆ ಬಂದು, ಇಲ್ಲಿಂದ ಇಡೀ ರಾಜ್ಯದ ಬರಹಕ್ಕೆ ಹೋದ ಪದ. ಬೈಲಹೊಂಗಲದಲ್ಲಿ ‘ಕಾಳಜಿ ಮಾಡಬ್ಯಾಡ್ರಿ’ ಎಂದರೆ ಚಿಂತಿಸಬೇಡಿರೆಂದು. ಮರಾಠಿಯ ಮೂಲದಲ್ಲಿಯೂ ಚಿಂತೆ ಮತ್ತು ಆರೈಕೆ ಎರಡೂ ಇವೆ. ದಕ್ಷಿಣಕ್ಕೆ ಹೋಗುವಾಗ ಪದ ಚಿಂತೆಯನ್ನು ಹಿಂದೆ ಬಿಟ್ಟು ಆರೈಕೆಯನ್ನು ಮಾತ್ರ ಒಯ್ದಿತು. ವಿಮರ್ಶಕರ ‘ಸಾಮಾಜಿಕ ಕಾಳಜಿ’ಯಲ್ಲಿ ನಿದ್ದೆಗೆಡಿಸುವ ಚಿಂತೆಯ ಅಂಶ ಉಳಿದಿಲ್ಲ.

ಇಂದಿನ ಬದಲಾವಣೆ ಇದಕ್ಕಿಂತ ಕುತೂಹಲಕರ. ದೂರದರ್ಶನದ ಧಾರಾವಾಹಿಗಳನ್ನು ನೋಡಿ ಬೆಳೆದ ಬೈಲಹೊಂಗಲದ ಮಕ್ಕಳು ‘ಹುಷಾರಿಲ್ಲ’ ಎಂಬುದನ್ನು ಕಾಯಿಲೆಯ ಅರ್ಥದಲ್ಲಿ ಬಲ್ಲರು. ಶಾಲೆಗೆ ಬಾರದಿದ್ದುದಕ್ಕೆ ಕಾರಣ ಹೇಳುವಾಗ ಬಳಸುವವರೂ ಇದ್ದಾರೆ. ಆದರೆ ಅದೇ ಮಕ್ಕಳ ಬಾಯಲ್ಲಿ ‘ಹುಷಾರ ಹುಡುಗಿ’ ಎಂದರೆ ಇನ್ನೂ ಜಾಣ ಹುಡುಗಿಯೇ. ಬೆಂಗಳೂರಿನ ಅರ್ಥ ನಿಷೇಧರೂಪವನ್ನು ಹಿಡಿದಿದೆ, ದೃಢರೂಪ ಹಳೆಯ ಒಡೆಯನ ಕೈಯಲ್ಲಿದೆ. ಒಂದೇ ಪದದ ಎರಡು ರೂಪಗಳು ಎರಡು ಸೀಮೆಗಳಿಗೆ ಸೇರಿರುವ ಈ ಸ್ಥಿತಿ ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ಈಗಲೇ, ಅಜ್ಜಿ ಮತ್ತು ಮೊಮ್ಮಗಳನ್ನು ಒಂದೇ ಕಟ್ಟೆಯ ಮೇಲೆ ಕೂರಿಸಿ, ದಾಖಲಿಸಿಕೊಳ್ಳಬಹುದು. ಅಜ್ಜಿ ‘ಆರಾಮಿಲ್ಲ’ ಎನ್ನುವ ಕಡೆಯಲ್ಲಿ ಮೊಮ್ಮಗಳು ಏನೆನ್ನುತ್ತಾಳೆ ಎಂಬುದೇ ಮೊದಲ ಪ್ರಶ್ನೆ.